ಟೆಸ್ಟ್ ಮಾಡಲು ಒಂದು ಮೇಲ್ ಬೇಕಾಗಿದೆ

ಕಳೆದ ವಾರ ಒಂದು ದಿನ ನಮ್ಮ ಕಾಲೇಜಿಗೆ ಮಕ್ಕಳು ಬಂದಿದ್ದರು, ಪ್ರಿನ್ಸಿಪಾಲರು ಬಂದಿದ್ದರು. ಪಾಠ ಹೇಳುವವರು ಒಬ್ಬರೂ ಬಂದಿರಲಿಲ್ಲ. ಯಾಕೆ? ‘ಮಳೆಯ ಕಾರಣ ನಾಳೆ ರಜೆ’ ಎಂದು ಪ್ರಿನ್ಸಿಪಾಲರ ಹೆಸರಿನಲ್ಲೇ ಸಿಬ್ಬಂದಿಗೆಲ್ಲ ಮೇಲ್ ಬಂದಿತ್ತು. ಕಳಿಸಿದ ಪುಣ್ಯಾತ್ಮ ಯಾರೋ! (ಒಂದು ಹನಿ ಮಳೆಯಿರಲಿಲ್ಲ. ಆದರೆ ರಜೆ ಅಂದಮೇಲೆ ಆಕಾಶ ನೋಡುವವರು ಯಾರು? ನಾನೂ ಹೋಗಿರಲಿಲ್ಲ.)

ಹೊನ್ನಾವರದ ಆ ಕಾಲೇಜಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾನೇ. ಪ್ರಿನ್ಸಿಪಾಲರ ಬೈಗುಳವೂ ನನಗೇ ಬಂತು.

“ಎಂತ ಮೇಡಂ, ನನ್ನ ಹೆಸರಲ್ಲಿ ಯಾರು ಬೇಕಾದ್ರೂ ಬರೀಬಹುದಾ?”

ಬರೆಯಬಹುದು. ಲಕೋಟೆಯ ಹಿಂದೆ ಯಾರ ಹೆಸರು ಬರೆದರೂ ನಡೆಯುತ್ತದಲ್ಲ, ಹಾಗೆಯೇ. ಆದರೆ ಅಸಲಿ ಮೇಲ್‌ಗೆ, ಅದನ್ನು ಕಳಿಸುವ ಸರ್ವರ್ ನಮ್ಮ ಕಣ್ಣಿಗೆ ಕಾಣದ ಒಂದು ಸಹಿ ಹಾಕಿರುತ್ತದೆ. ಆ ಸಹಿ ನೋಡಿಯೇ ಒಳಗೆ ಬಿಡು ಎಂದು ನಮ್ಮ ಸರ್ವರ್‌ಗೆ ಹೇಳಿಕೊಡಬೇಕು.

ಭಾನುವಾರ ಕುಮಟಾದ ನನ್ನ ಬಾಡಿಗೆ ಮನೆಯಲ್ಲಿ ಕೂತು ಆ ಕೆಲಸ ಮುಗಿಸಿದೆ. ಇನ್ನು ಹೊರಗಿನಿಂದ ಒಂದು ಮೇಲ್ ಬಂದು ಪಾಸಾಗಬೇಕು. ನನ್ನದೇ ಇನ್ನೊಂದು ವಿಳಾಸದಿಂದ ಕಳಿಸಿದೆ. ಪಾಸ್. (ನಿಜ ಹೇಳುತ್ತೇನೆ, ಅಷ್ಟೇ ಸಾಕಿತ್ತು.)

ಆದರೆ ನಾನೇ ಬರೆದು ನಾನೇ ಓದಿದಾಗ ಯಾಕೋ ಸಂಕಟವಾಯಿತು. ಬೇರೆ ಯಾರಾದರೂ ಕಳಿಸಲಿ ಅನ್ನಿಸಿತು. ಯಾರಿಗೆ ಹೇಳುವುದು? ಫೋನಿನಲ್ಲಿ ಹೆಸರುಗಳಿಗೇನೂ ಬರವಿಲ್ಲ. ಗ್ಯಾಸಿನವರು, ಪ್ಲಂಬರ್, ಆಟೋದವರು. ‘ನನಗೊಂದು ಮೇಲ್ ಬರಿ’ ಎನ್ನುವಷ್ಟು ಸಲಿಗೆ ಯಾರ ಹತ್ತಿರ ಉಳಿದಿದೆ? ಕೊನೆಗೆ ಭಟ್ಕಳದ ಜುಬೇದಾಗೆ ಫೋನ್ ಮಾಡಿದೆ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಈಗ ಹಬ್ಬ ಬಂದರೆ ಅವಳೊಂದು ಹೂವಿನ ಚಿತ್ರ ಕಳಿಸುತ್ತಾಳೆ, ನಾನೊಂದು ಕಳಿಸುತ್ತೇನೆ. ನಮ್ಮ ಗೆಳೆತನ ಅಷ್ಟಕ್ಕೆ ಬಂದು ನಿಂತಿದೆ.

“ಮೇಲಾ? ಎಂತ ಬರೀಲಿ ಅದ್ರಲ್ಲಿ?”

“ಎಂತಾದ್ರೂ ಬರಿ. ಬರೀ ಟೆಸ್ಟಿಗೆ.”

“ಆತು, ಕಳಿಸ್ತೆ ತಡಿ.”

ಸ್ವಲ್ಪ ಹೊತ್ತಿಗೆ ಬಂತು. ‘ಟೆಸ್ಟ್. ಊಟ ಆತಾ? ಒಬ್ಳೇ ಇದ್ರೆ ನೀ ಅನ್ನ ಮಾಡೂದಿಲ್ಲ, ಬಿಸ್ಕೀಟು ತಿಂದು ಮಲಗ್ತಿ. ನಂಗೆ ಗೊತ್ತುಂಟು.’

ಕೀಬೋರ್ಡಿನ ಪಕ್ಕದಲ್ಲಿ ಅರ್ಧ ಖಾಲಿಯಾದ ಬಿಸ್ಕೆಟ್ ಪ್ಯಾಕೆಟ್ ಇತ್ತು. ಅಳು ಬಂತು. ಸರ್ವರ್ ತನ್ನ ಪಾಡಿಗೆ ಸಹಿ ನೋಡಿ, ಪಾಸ್ ಎಂದು ಬರೆದುಕೊಂಡಿತ್ತು.

ಅಷ್ಟರಲ್ಲಿ ಅವಳದೇ ಫೋನ್. “ಬಂತಾ? ಸಮಾ ಆತಾ?”

“ಇಲ್ಲ ಮಾರಾಯ್ತಿ, ಫೇಲ್ ಆತು,” ಅಂದೆ. “ಇನ್ನೊಂದು ಕಳಿಸು. ಈ ಸಲ ಸ್ವಲ್ಪ ಉದ್ದ ಬರಿ.”

ನೀವೇ ಹೇಳಿ, ‘ಒಬ್ಬಳೇ ಇದ್ದೇನೆ, ಏನಾದರೂ ಬರಿ’ ಎಂದು ಕೇಳಲು ಸರ್ವರ್ ಕೆಡಲೇಬೇಕೇ?