ಹರಾಜಿನ ಕೊಡ

ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ತಾಮ್ರದ ಕೊಡ ಇದೆ. ಬಂದವರು ಅದನ್ನು ಮುಟ್ಟಿ ನೋಡಿದರೆ ಸಾಕು, ನನ್ನ ಕಥೆ ಶುರು. ಅಮ್ಮನ ಅಪ್ಪ, ಅಂದರೆ ನನ್ನಜ್ಜ, ಬ್ರಿಟಿಷರಿಗೆ ಕಂದಾಯ ಕಟ್ಟುವುದಿಲ್ಲ ಎಂದು ನಿಂತವರು. ಮನೆಯ ಪಾತ್ರೆ ಪಡಗವನ್ನೆಲ್ಲ ಸರ್ಕಾರ ಜಪ್ತಿ ಮಾಡಿ ಒಯ್ದಾಗ ಉಳಿದದ್ದು ಇದೊಂದೇ. ಈ ಕಥೆಯನ್ನು ನನಗೆ ಯಾರೂ ಹೇಳಿದ್ದಲ್ಲ. ಉತ್ತರ ಕನ್ನಡದ ನಮ್ಮ ಕರಾವಳಿಯಲ್ಲಿ ಜನ ಕರ ನಿರಾಕರಿಸಿದ್ದು ನಿಜ, ಕೊಡ ಅಜ್ಜನ ಅಟ್ಟದಲ್ಲಿ ಸಿಕ್ಕಿದ್ದೂ ನಿಜ. ನಡುವಿನದನ್ನು ಉಪ್ಪು ಖಾರ ಹಚ್ಚಿ ನಾನೇ ಸೇರಿಸಿದ್ದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂದುಬಿಟ್ಟಿತ್ತು. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ.

ಹೋದ ವರ್ಷ ಐದನೇ ಕ್ಲಾಸಿನಲ್ಲಿದ್ದ ಮಗಳಿಗೆ ಅಮೆರಿಕದ ಕ್ರಾಂತಿಗೆ ಮುಂಚಿನ ತೆರಿಗೆ ಜಗಳದ ಪಾಠ ಬಂತು. ಕಾಗದಕ್ಕೆ ತೆರಿಗೆ, ಚಹಾಕ್ಕೆ ತೆರಿಗೆ, ಆ ಚಹಾ ಕೊಂಡವರ ಜೊತೆ ಊರವರು ಮಾತು ಬಿಟ್ಟದ್ದು, ಎಲ್ಲ. ಆ ಕ್ರಾಂತಿಯ ಕಾಲದ ಊರು ಮಾರಿಸ್‌ಟೌನ್‌ಗೆ ಫೀಲ್ಡ್ ಟ್ರಿಪ್ ಹೋಗಿ ಬಂದ ಮೇಲಂತೂ ಇವಳಿಗೆ ಅದೇ ಜಪ. ಕ್ಲಾಸಿನಲ್ಲಿ ಒಂದು ಆಟ ಆಡಿಸಿದ್ದರು: ಚಹಾ ಕೊಂಡವಳ ಚೀಟಿ ಯಾರಿಗೆ ಬರುತ್ತದೋ ಅವಳ ಜೊತೆ ಪೀರಿಯಡ್ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ನನ್ನ ಮಗಳು ಲಂಚ್‌ನಲ್ಲೂ ಆ ಹುಡುಗಿಯ ಜೊತೆ ಮಾತಾಡಲಿಲ್ಲವಂತೆ. ಹೆಮ್ಮೆಯಿಂದ ಹೇಳಿದಳು, ನಾನೂ ನಕ್ಕೆ. ಶುಕ್ರವಾರ ಪ್ರತಿಯೊಬ್ಬರೂ ಮನೆಯ ಹಳೆಯ ವಸ್ತುವೊಂದನ್ನು ಒಯ್ದು ಅದರ ಕಥೆ ಹೇಳಬೇಕಿತ್ತು. ಇವಳು ಕೊಡದ ಕಥೆಯನ್ನು ಟೀಚರ್‌ಗೆ ಆಗಲೇ ಒದರಿ ಬಂದಿದ್ದಳು.

ನಮ್ಮ ಕಡೆ ಎಲ್ಲ ಪಾತ್ರೆಗಳ ಮೇಲೂ ಮನೆಯ ಯಜಮಾನನ ಹೆಸರು ಕೊರೆಸುತ್ತಾರೆ. ಈ ಕೊಡದ ಕಂಠದಲ್ಲೂ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳಿದ್ದವು. ಸವೆದು ಹೋಗಿದ್ದರಿಂದ ನಾನು ಓದುವ ಗೋಜಿಗೆ ಹೋಗಿರಲಿಲ್ಲ. ಬುಧವಾರ ಸಂಜೆ ಮಗಳು ಪೋಸ್ಟರ್‌ಗೆಂದು ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಳು. ಅಕ್ಷರಗಳು ಎದ್ದು ಬಂದವು. ಅವಳಿಗೆ ಕನ್ನಡ ಓದಲು ಬಾರದು, ನನಗೆ ಬರುತ್ತದಲ್ಲ. ಅದು ನಮ್ಮಜ್ಜನ ಹೆಸರಾಗಿರಲಿಲ್ಲ.

ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದೆ. ಕೈ ನಿಂತಿತು.

“ಎದುರುಮನೆಯವರದ್ದು,” ಎಂದಳು.

ಕಂದಾಯ ಕಟ್ಟದೆ ನಿಂತವರು ಅವರು. ನನ್ನಜ್ಜ ಊರಿನ ಶಾನುಭೋಗ, ಕಂದಾಯದ ಲೆಕ್ಕ ಬರೆಯುವವರು. ಎದುರುಮನೆಯ ಸಾಮಾನು ಜಪ್ತಿ ಮಾಡಿ ಅವರದೇ ಅಂಗಳದಲ್ಲಿ ಹರಾಜಿಗಿಟ್ಟರೆ ಊರಲ್ಲಿ ಒಬ್ಬರೂ ಬೆಲೆ ಕೂಗಲಿಲ್ಲ. ಹರಾಜು ನಡೆಸಲು ಬಂದಿದ್ದ ಸಾಹೇಬ ಅಜ್ಜನ ಮುಖ ನೋಡಿದ. ಅಜ್ಜ ಈ ಕೊಡಕ್ಕೆ ಕೂಗಿದರು. ಅಂದಿನಿಂದ ಊರು ಅವರಿಗೆ ಬೆನ್ನು ಹಾಕಿತು. ಅಮ್ಮ ಹುಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲೆ. ಆದರೂ ಅವಳು ಚಿಕ್ಕವಳಿದ್ದಾಗ ಕೂಡ ಅರಿಶಿನ ಕುಂಕುಮಕ್ಕೆ ಅಜ್ಜನ ಮನೆಯ ಹೆಂಗಸರನ್ನು ಯಾರೂ ಕರೆಯುತ್ತಿರಲಿಲ್ಲ, ಕರೆದರೆ ಯಾರೂ ಬರುತ್ತಿರಲಿಲ್ಲ.

ವಾಪಸ್ ಕೊಡಬಹುದಿತ್ತಲ್ಲ ಎಂದು ರೇಗಿದೆ.

“ಕೊಡಲಿಕ್ಕೆ ಹೋಗಿದ್ರು. ಅವರು ಬಾಗಿಲಲ್ಲೇ ನಿಲ್ಲಿಸಿದ್ರು. ನೀವು ದುಡ್ಡು ಕೊಟ್ಟು ಬಿಡಿಸಿದ್ದನ್ನ ಒಳಗೆ ತಗೊಂಡ್ರೆ ನಾವು ಕಂದಾಯ ಕಟ್ಟಿದ ಹಾಗೇ ಆಯ್ತು ಅಂದ್ರಂತೆ.”

ಆಮೇಲೆ ಕೊಡ ಅಟ್ಟ ಸೇರಿತು. ಅದರಲ್ಲಿ ಒಂದು ಹನಿ ನೀರು ತಂದವರಿಲ್ಲ. ಇಷ್ಟು ವರ್ಷ ನಾನು ಬಡಾಯಿ ಕೊಚ್ಚುವುದು ನಿನ್ನ ಕಿವಿಗೂ ಬಿದ್ದಿತ್ತಲ್ಲ, ಆಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ನೀನು ನನ್ನನ್ನು ಯಾವತ್ತಾದರೂ ಕೇಳಿದ್ದೆಯಾ ಎಂದಳು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಅಜ್ಜಿಯ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಸೋ, ವೀ ಬಾಟ್ ದ ಟೀ?” ಎಂದಳು. ಚಹಾ ಕೊಂಡವರು ನಾವೇನಾ ಎಂದು.

ಆಮೇಲೆ ಅಳು. ಇನ್ನು ತನ್ನ ಜೊತೆ ಕ್ಲಾಸಿನಲ್ಲಿ ಯಾರೂ ಮಾತಾಡುವುದಿಲ್ಲ, ತಾನು ಸ್ಕೂಲಿಗೇ ಹೋಗುವುದಿಲ್ಲ ಎಂದು. ಆಗ ನಾನು ಒಳ್ಳೆಯದೇನಾದರೂ ಹೇಳಬಹುದಿತ್ತು. ಅವಳ ಕಣ್ಣೀರು ನೋಡಲಾಗಲಿಲ್ಲ, ನನ್ನ ಮಾನದ ಚಿಂತೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

“ಅಕ್ಷರ ಇರೋ ಕಡೆ ಹೊಟ್ಟೆಗೆ ತಿರುಗಿಸಿ ಹಿಡ್ಕೋ. ಅಲ್ಲಿ ಯಾರಿಗೂ ಕನ್ನಡ ಬರಲ್ಲ,” ಎಂದೆ.

ಅಮ್ಮ ಬೀನ್ಸ್ ಹೆಚ್ಚುವುದನ್ನು ಮುಂದುವರಿಸಿದಳು.

ಶುಕ್ರವಾರ ಪೋಷಕರನ್ನೂ ಕರೆದಿದ್ದರು. ಕ್ಲಾಸಿನ ಹಿಂದಿನ ಸಾಲಿನಲ್ಲಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದೆ. ಮಗಳು ಕೊಡವನ್ನು ಸ್ವೆಟರ್‌ಗೆ ಒತ್ತಿ ಹಿಡಿದು ನನ್ನ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಪೆನ್ಸಿಲ್ ಉಜ್ಜಿದ ಕಾಗದ ಪೋಸ್ಟರ್‌ನಲ್ಲಿ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾದ ಚೀಟಿ ಬಂದಿದ್ದ ಹುಡುಗಿಯನ್ನು ಮಗಳ ಟೀಚರ್ ಅವತ್ತು ನನಗೆ ಪರಿಚಯ ಮಾಡಿಸಿದ್ದರು. ಅವಳೂ ತಟ್ಟಿದಳು. ನಾನೂ ತಟ್ಟಿದೆ.

ಕಾರಿನಲ್ಲಿ ಮಗಳು ಕೊಡವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಸೀಟಿನ ಕೆಳಗೆ ಇಟ್ಟಳು.

ಅಮ್ಮ ಬಾಗಿಲು ತೆಗೆದಳು. ಮಗಳ ಕೈಯಿಂದ ಕೊಡ ಇಸಿದುಕೊಂಡು, “ಯಾರ ಕೊಡ ಅಂತ ಹೇಳಿದೆ ಮಗಾ?” ಎಂದು ಕೇಳಿದಳು.

ಮಗಳು ನನ್ನ ಮುಖ ನೋಡಿದಳು. “ನಮ್ದು,” ಎಂದಳು. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

ಅಮ್ಮ ಬೈಯಲಿಲ್ಲ. ಅವಳ ತಲೆ ಸವರಿ, ಕೈಕಾಲು ತೊಳೆದು ಬಾ ಎಂದು ಒಳಗೆ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಮ್ಮಪ್ಪ ಇದನ್ನ ಕೊಂಡದ್ದು ಹೌದು. ಆದ್ರೆ ಸಾಯೋವರೆಗೂ ಒಂದು ದಿನ ನಮ್ಮದು ಅಂತ ಹೇಳಲಿಲ್ಲ.”