ಮೂರನೇ ಬೇರಿಂಗಿನ ತೊಗಲು

ಯುದ್ಧ ಶುರುವಾದ ಎರಡನೆಯ ವರ್ಷ ನಾನು ಕಾರು ಕೊಂಡೆ. ಮಾಳಮಡ್ಡಿಯಲ್ಲಿ ನನ್ನ ದವಾಖಾನೆ. ಹಳ್ಳಿಗಳಿಂದ ಹೆರಿಗೆಗೆ ಕರೆ ಬಂದರೆ, ನಾನು ಟಾಂಗಾದಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಆಗಬೇಕಾದದ್ದು ಆಗಿ ಹೋಗಿರುತ್ತಿತ್ತು. ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರು ಇದನ್ನು ಬಲ್ಲವರು; ಅವರ ಮನೆಯವರೆಲ್ಲ ನನ್ನ ಹತ್ತಿರವೇ ಔಷಧಕ್ಕೆ ಬರುತ್ತಿದ್ದರು. ತಮ್ಮ ಹಳೆಯ ಕಾರನ್ನು ನನಗೆ ಮಾರಿದರು.

"ಮನೀ ಮಗಳನ್ನ ಕೊಟ್ಟಂಗ ಕೊಡಾಕತ್ತೇನ್ರಿ ಡಾಕ್ಟರ್ರ," ಎಂದರು.

ಮೈಲಿ ತೋರಿಸುವ ಅಂಕಿ ಮೂವತ್ತು ಸಾವಿರದ ಹತ್ತಿರ ನಿಂತಿತ್ತು. ಆದರೆ ಬ್ರೇಕಿನ ಪೆಡಲಿನ ರಬ್ಬರು ಪೂರ್ತಿ ಸವೆದು ಕೆಳಗಿನ ಕಬ್ಬಿಣ ಕಾಣುತ್ತಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಎಂಟು ತಿಂಗಳು ಓಡಿಸಿದೆ. ಮೊದಲು ನೀಲಿ ಹೊಗೆ ಬಂತು. ಆಮೇಲೆ ಇಂಜಿನ್ನು ಪೆಟ್ರೋಲಿಗಿಂತ ಹೆಚ್ಚು ಆಸೆಯಿಂದ ಎಣ್ಣೆ ಕುಡಿಯತೊಡಗಿತು. ಒಂದು ದಿನ ನವಲೂರಿನ ಏರು ಹತ್ತುವಾಗ ಒಳಗಿನಿಂದ ಟಕ್ ಟಕ್ ಎಂದು ಸದ್ದು, ಯಾರೋ ಸುತ್ತಿಗೆ ಹಿಡಿದು ಹೊರಗೆ ಬಿಡಿ ಎಂದು ಬಡಿದಂತೆ. ನೇರ ವ್ಯಾಪಾರಿಯ ಅಂಗಡಿಗೆ ಹೋಗಿ ಹೇಳಿದೆ.

"ದಪ್ಪನ ಎಣ್ಣಿ ಹಾಕ್ರಿ, ಸುಮ್ಮನಾಗತೈತಿ," ಎಂದರು. "ಇಂಜಿನ್ ಮಾತ್ರ ಬಿಚ್ಚಸಬ್ಯಾಡ್ರಿ. ಅದರಾಗೂ ಇಲ್ಲೇ ಹುಬ್ಬಳ್ಳಿ ಸ್ಟೇಶನ್ ರೋಡಿನ ಆ ಮಿಸ್ತ್ರಿ ಕಡೆ ಹೋಗಬ್ಯಾಡ್ರಿ. ಯುದ್ಧದ ಕಾಲ, ಸಾಮಾನು ಎಲ್ಲೂ ಸಿಗೂದಿಲ್ಲ. ನಿಮ್ಮ ಗಾಡ್ಯಾಗಿನ ಛಲೋ ಸಾಮಾನು ತಗದು ಇನ್ನೊಬ್ಬರ ಗಾಡೀಗೆ ಹಾಕತಾನ."

ಹದಿನೈದು ದಿನ ಅವರ ಮಾತು ಕೇಳಿದೆ. ದಪ್ಪ ಎಣ್ಣೆ ಹಾಕಿದರೂ ಸದ್ದು ಹೆಚ್ಚಾಯಿತೇ ಹೊರತು ಅಡಗಲಿಲ್ಲ. ಇಂಜಿನ್ ಬಿಚ್ಚಿ ಕೂಡಿಸಬಲ್ಲ ಬೇರೆಯವರು ನಮ್ಮೂರಿನಲ್ಲೂ ಹುಬ್ಬಳ್ಳಿಯಲ್ಲೂ ಇರಲಿಲ್ಲ. ಕೊನೆಗೆ ಆ ಮಿಸ್ತ್ರಿಯ ಕಡೆಗೇ ಹೋದೆ.

ಆತ ಐವತ್ತರ ಆಸುಪಾಸಿನ ಮುಸಲ್ಮಾನ, ಗಡ್ಡದಲ್ಲಿ ಬಿಳುಪು, ಮಾತು ಕಡಿಮೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ ಮರದ ಹಿಡಿಯನ್ನು ಕಿವಿಗೆ ಹಚ್ಚಿದ. ನಾನು ರೋಗಿಯ ಎದೆಗೆ ನಳಿಕೆ ಇಟ್ಟು ಕೇಳುವುದೂ ಹಾಗೆಯೇ. ಅದಕ್ಕೇ ನನಗೆ ಇನ್ನಷ್ಟು ಅನುಮಾನ. ಕೇಳಿದಂತೆ ನಟಿಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತು.

"ಮೂರನೇ ಬೇರಿಂಗ್ ಸವದೈತ್ರಿ ಡಾಕ್ಟರ್ ಸಾಹೇಬ್ರ. ಅಂಕಿ ಮೂವತ್ತು ಸಾವಿರ ಅಂತೈತಿ, ಲಕ್ಷ ಮುಗಿಸಿ ಸೊನ್ನೆಯಿಂದ ತಿರುಗಿ ಬಂದದ್ದದು. ಈ ಗಾಡಿ ನಾ ಬಲ್ಲೆ."

ಬಲ್ಲೆ ಎಂದದ್ದೂ ನನಗೆ ಸರಿ ಕಾಣಲಿಲ್ಲ. "ಬಿಚ್ಚೂದೆಲ್ಲ ನನ್ನ ಮುಂದ ಆಗಬೇಕು," ಎಂದೆ. ಆತ ಒಂದು ಸ್ಟೂಲು ತಂದಿಟ್ಟ.

ಅಂದು ದವಾಖಾನೆ ಮುಚ್ಚಿ ಅಲ್ಲೇ ಕೂತೆ. ಇಂಜಿನ್ನಿನ ತಲೆ ತೆಗೆದು, ಎಂಟು ವಾಲ್ವುಗಳನ್ನು ಬಿಚ್ಚಿ, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಸಂಜೆಯ ನಮಾಜಿಗೆ ಹೊರಟವನು, "ನೀವು ಇದ್ದೀರಲ್ರಿ, ಸ್ವಲ್ಪ ನೋಡಿಕೋತಿರ್ರಿ," ಎಂದು ಕೈ ತೊಳೆದುಕೊಂಡು ಹೋದ.

ನನ್ನ ಚೀಲದಲ್ಲಿ ಇಂಜೆಕ್ಷನ್ ಶೀಶೆಯ ಕುತ್ತಿಗೆ ಕೊಯ್ಯುವ ಸಣ್ಣ ಅರ ಇತ್ತು. ಅದನ್ನು ತೆಗೆದು ಎಂಟೂ ವಾಲ್ವುಗಳ ಅಂಚಿಗೆ ಒಂದೊಂದು ಗೀರು ಹಾಕಿದೆ. ಬದಲಾಯಿಸಿದರೆ ಗೊತ್ತಾಗಲಿ ಎಂದು. ಆತ ಮರಳಿ ಬಂದಾಗ ನಾನು ರಸ್ತೆಯ ಕಡೆ ನೋಡುತ್ತ ಕೂತಿದ್ದೆ.

ಮರುದಿನ ಮುಂಜಾನೆ ಹೆರಿಗೆಯೊಂದು ತಡವಾಗಿ, ನಾನು ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ. ನಾನಿಲ್ಲದೆಯೇ ಆತ ಕೆಳಗಿನಿಂದ ಮೂರನೇ ಬೇರಿಂಗು ಬಿಚ್ಚಿದ್ದ. ನನ್ನ ಮುಖ ಬಿಗಿಯಿತು. ಆತ ಕಾಗದದ ಮೇಲಿಟ್ಟಿದ್ದ ಒಂದು ಕರಿಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟ.

"ತೊಗಲ್ರಿ. ಸೊಂಟದ ಪಟ್ಟಾ ಕೊಯ್ದು ಬೇರಿಂಗಿನ್ಯಾಗ ಇಟ್ಟಾರ. ಸವದ ಸಂದು ತುಂಬತೈತಿ, ಒಂದಷ್ಟು ದಿನ ಸದ್ದು ಬರೂದಿಲ್ಲ. ಗಾಡಿ ಮಾರಾವರು ಮಾಡತಾರ." ಆಮೇಲೆ ಒಂದು ವಾಲ್ವನ್ನು ಎತ್ತಿ ಹಿಡಿದು ಅಂಚಿನ ಗೀರಿಗೆ ಬೆರಳಿಟ್ಟ. "ಮತ್ತ ಇದು? ಇದು ನಿನ್ನೆ ಇರಲಿಲ್ರಿ."

ನಾನು ನನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಇದು ಬಾಯಿ ಮುಚ್ಚೂ ಅಂಚ್ರಿ ಸಾಹೇಬ್ರ. ಇಲ್ಲಿ ಗೀರು ಬಿದ್ರ ಗಾಳಿ ಸೋರತೈತಿ. ಗುರುತು ಬೇಕಂದಿದ್ರ ಕೆಳಗ ಕಡ್ಡೀಗೆ ನಾನ ಹಾಕಿಕೊಡತಿದ್ದೆ."

ದನಿ ಏರಿಸಲಿಲ್ಲ. ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ಸಿಕ್ಕಿಬಿದ್ದದ್ದು ನಾನು, ಆದರೂ ತೊಗಲನ್ನು ಇವನೇ ತಂದಿಟ್ಟಿರಬೇಕು, ಮಾರಿದವರ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡು ಅದನ್ನು ಕಾಗದದಲ್ಲಿ ಸುತ್ತಿ ವ್ಯಾಪಾರಿಯ ಅಂಗಡಿಗೆ ನಡೆದೆ.

ವ್ಯಾಪಾರಿ ಗಾದಿಯಿಂದ ಏಳಲಿಲ್ಲ. "ನಾ ಹೇಳಿದ್ದಿಲ್ಲೇನ್ರಿ? ಅವನ ಇಟ್ಟಾನ. ಹೋಗಬ್ಯಾಡ್ರಿ ಅಂದ್ರ ಕೇಳಲಿಲ್ಲ ನೀವು," ಎಂದು ಚಹಾ ತರಿಸಿದರು. ನನ್ನ ಕಿವಿಗೆ ಬೇಕಾಗಿದ್ದ ಮಾತೇ ಅದು. ಚಹಾ ಕುಡಿದು ಸಮಾಧಾನದಿಂದ ಹೊರಬಿದ್ದೆ.

ಬಿಸಿಲಿನಲ್ಲಿ ನಿಂತು ತೊಗಲನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ. ಹಳೆಯ ಗಾಯ ಯಾವುದು, ಹೊಸದು ಯಾವುದು ಎಂದು ಹೇಳುವುದು ನನ್ನ ಕಸುಬು, ಕೋರ್ಟಿನಲ್ಲಿಯೂ ಹೇಳಿದ್ದೇನೆ. ಆ ತೊಗಲು ನಡುವೆ ಕಾಗದದಷ್ಟು ತೆಳ್ಳಗಾಗಿತ್ತು, ಅಂಚಿನಲ್ಲಿ ದಪ್ಪ ಉಳಿದಿತ್ತು. ಎಣ್ಣೆಯಲ್ಲಿ ಬೆಂದು ಕೊಂಬಿನಂತೆ ಗಟ್ಟಿ. ನಡುವೆ ದುಂಡನೆಯ ಒಂದು ಅಚ್ಚು ಮೂಡಿತ್ತು. ಒಂದು ಮುಂಜಾನೆಯಲ್ಲಿ ಆಗುವ ಸವೆತ ಅದಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಬೇರೆ ಗಾಡಿಯ ಹಳೆಯ ತೊಗಲನ್ನು ತಂದಿರಬಹುದಲ್ಲ? ಗ್ಯಾರೇಜಿಗೆ ಮರಳಿ, ಏನೂ ಹೇಳದೆ, ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದೆ. ಪಟ್ಟಿಯನ್ನು ಮೂರನೇ ಬೇರಿಂಗಿನೊಳಗೆ ತಿರುಗುವ ಕಬ್ಬಿಣದ ದಂಡಕ್ಕೆ ಸುತ್ತಿದೆ. ದಂಡದಲ್ಲಿದ್ದ ಎಣ್ಣೆಯ ತೂತಿನ ಮೇಲೆ ಆ ದುಂಡನೆಯ ಅಚ್ಚು ಸರಿಯಾಗಿ ಕೂತಿತು. ದಂಡದ ಮೇಲಿದ್ದ ಗೆರೆಗಳೂ ತೊಗಲಿನ ಗೆರೆಗಳೂ ಒಂದಕ್ಕೊಂದು ಕೂಡಿದವು.

ಅಲ್ಲಿಯೇ ಮಲಗಿ ಕೇಳಿದೆ: "ಯಾರು ಇಟ್ಟಿದ್ದು ಅಂತ ನಿಮಗ ಗೊತ್ತದ ಏನ್ರಿ ಮಿಸ್ತ್ರಿ?"

"ಗಾಡಿ ಮಾರೂಕಿಂತ ಮೊದಲ ಅವರ ಡ್ರೈವರ್ ಬಂದಿದ್ದ. ತೊಗಲು ಇಟ್ಟು ಕೊಡು ಅಂದ, ನಾ ಒಲ್ಲೆ ಅಂದೆ. ಬ್ಯಾರೆ ಕಡೆ ಮಾಡಿಸ್ಯಾರ."

"ಮೊದಲನೇ ದಿನಾನ ಯಾಕ ಹೇಳಲಿಲ್ಲ?"

"ನೀವು ನಂಬತಿದ್ರೇನ್ರಿ?"

ಗಾಡಿಯ ಕೆಳಗಿನಿಂದ ಹೊರಗೆ ಬರಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಪ್ಪಾಯಿತು ಎಂದೆ. ಆತ ತಲೆ ಆಡಿಸಿ, ಅಂಗಿಯ ಬೆನ್ನಿಗೆ ಹತ್ತಿದ ಎಣ್ಣೆ ಒರೆಸಿಕೊಳ್ಳಲು ಅರಿವೆ ಕೊಟ್ಟ.

ಬಿಳಿಯ ಲೋಹ ಕರಗಿಸಿ ಹೊಸ ಬೇರಿಂಗು ಎರಕ ಹೊಯ್ದ. ಕೈಯಿಂದಲೇ ಕೆರೆದು ಕೆರೆದು ಕೂಡಿಸಿದ. ನನ್ನ ಗೀರುಗಳು ಹೋಗುವವರೆಗೆ ಎಂಟೂ ವಾಲ್ವುಗಳನ್ನು ಉಜ್ಜಿದ. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಎಣ್ಣೆ ಮೇಲೇರದಂತೆ ತಡೆಯುವ ಪಿಸ್ಟನ್ನಿನ ಹೊಸ ರಿಂಗುಗಳು ಸಿಗಲಿಲ್ಲವಾದ್ದರಿಂದ ಹೊಗೆ ಮಾತ್ರ ಹಾಗೆಯೇ ಉಳಿಯಿತು. ಆದರೆ ಗಾಡಿ ನವಲೂರಿನ ಏರನ್ನು ಸದ್ದಿಲ್ಲದೆ ಹತ್ತಿತು. ಯುದ್ಧ ಮುಗಿಯುವವರೆಗೂ ಓಡಿತು.

ವ್ಯಾಪಾರಿಗೆ ನಾನು ಏನೂ ಹೇಳಲಿಲ್ಲ. "ಗಾಡಿ ಹೆಂಗೈತ್ರಿ?" ಎಂದು ಕೇಳುತ್ತಿದ್ದರು, "ಛಲೋ ಅದರಿ," ಎನ್ನುತ್ತಿದ್ದೆ. ಧೈರ್ಯ ಸಾಲಲಿಲ್ಲವೆಂದೇ ಹೇಳಬೇಕು. ಆಮೇಲೆ ಅವರು ಏನೇ ನೋವು ಹೇಳಿಕೊಂಡರೂ ಅದರಲ್ಲಿ ಎಷ್ಟು ನಿಜ ಎಂದು ಎರಡು ಸಲ ಒತ್ತಿ ನೋಡುತ್ತಿದ್ದೆ.

ಮಿಸ್ತ್ರಿಯ ಕಡೆ ಆ ಗಾಡಿ ಮತ್ತೆ ಎಷ್ಟೋ ಸಲ ಹೋಯಿತು. ಬಿಟ್ಟು ಹೋಗುತ್ತೇನೆ, ನಿಮಗೆ ಅನುಕೂಲವಾದಾಗ ಬಿಚ್ಚಿರಿ ಎಂದರೆ ಕೇಳುತ್ತಿರಲಿಲ್ಲ. "ನೀವು ಬಂದ ಮ್ಯಾಲೆ ಬಿಚ್ಚೂಣ್ರಿ," ಎನ್ನುತ್ತಿದ್ದ. ದಿನಗಟ್ಟಲೆ ತಡವಾದರೂ, ನಾನು ಬರುವವರೆಗೆ ಒಂದು ಬೋಲ್ಟನ್ನೂ ಸಡಿಲಿಸುತ್ತಿರಲಿಲ್ಲ.