ಬಾಲದಿಂದ ಓದಿದ ಪದಗಳು

ಔರಾದ ಕಡೆಯ ಹಳ್ಳಿಯಿಂದ ನರ್ಸಿಂಗ್ ಓದಲು ಬೀದರಿಗೆ ಬಂದಾಗ ನಾನು ಜೊತೆಗೆ ತಂದದ್ದು ಮೂಗಿನ ತುದಿಯ ಕೋಪ ಮತ್ತು ಕನ್ನಡ ಸಾಲೆಯ ಇಂಗ್ಲಿಷು. ಪುಸ್ತಕಗಳು ಕಬ್ಬಿಣದ ಕಡಲೆ. ಒಂದೊಂದು ಪದವೂ ಅರ್ಧ ಸಾಲು ಕಾಲು ಚಾಚಿ ಮಲಗಿರುತ್ತಿತ್ತು. ಉಸಿರು ಬಿಗಿಹಿಡಿದು ಮೊದಲಕ್ಷರದಿಂದ ಶುರು ಮಾಡಿ ನಡುವೆ ಮುಗ್ಗರಿಸುತ್ತಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಫೇಲಾದೆ. ಕುರಿ ಸಾಕುವ ನನ್ನ ಅಪ್ಪ ಬೈಯಲಿಲ್ಲ. ಭಾಲ್ಕಿಯ ಸಂಬಂಧವೊಂದು ಕಾದಿದೆ, ಇನ್ನೊಮ್ಮೆ ಹೀಗಾದರೆ ತಾನೇ ಬಂದು ಕರೆದೊಯ್ಯುತ್ತೇನೆ ಎಂದು ಫೋನಿನಲ್ಲಿ ಹೇಳಿದ. ನನಗೆ ಮದುವೆ ಸೀರೆ ಬೇಡವಾಗಿತ್ತು, ನರ್ಸಿನ ಬಿಳಿ ಡ್ರೆಸ್ಸು ಬೇಕಾಗಿತ್ತು.

ನಾನು ಬಾಡಿಗೆಗಿದ್ದ ಮನೆ ನಿವೃತ್ತ ನರ್ಸೊಬ್ಬರದು. ಒಂದು ಕಾಲಕ್ಕೆ ನರ್ಸಿಂಗ್ ಹುಡುಗಿಯರಿಗೆ ಪಾಠವನ್ನೂ ಹೇಳಿದ್ದರಿಂದ ಓಣಿಗೆಲ್ಲ ಅವರು ಅಕ್ಕೋರು. ಒಂದು ಭಾನುವಾರ ಚರ್ಚಿನಿಂದ ಬಂದು ದೊಡ್ಡ ಮಟನ್ ತುಂಡಿನ ಜೊತೆ ಗುದ್ದಾಡುತ್ತಿದ್ದರು. ನೋಡಲಾಗದೆ ಅವರ ಕೈಯ ಚಾಕು ಕಸಿದುಕೊಂಡೆ. ಕುರಿ ಮನೆಯ ಮಗಳಲ್ಲವೇ, ಕ್ಷಣದಲ್ಲಿ ಕೀಲು ಹುಡುಕಿ ಬಿಡಿಸಿಟ್ಟೆ. ಅಕ್ಕೋರು ನನ್ನ ಕೈಯನ್ನೇ ನೋಡಿದರು.

"ಎಲುಬಿನ ಮ್ಯಾಲ ಹೊಡೀಲಿಲ್ಲ, ಕೀಲಿಗಿ ಹಚ್ಚಿದಿ. ಮತ್ತ ಆ ಇಂಗ್ಲಿಷ್ ಪದಕ್ಕ ಯಾಕ ಎಲುಬಿನ ಮ್ಯಾಲ ಹೊಡಿತೀ?"

ಅಂದಿನಿಂದ ಸಂಜೆ ಸಂಜೆ ಪಾಠ. ಪದದ ಬಾಲ ಮೊದಲು ಹಿಡಿ ಎನ್ನುತ್ತಿದ್ದರು. ಕೊನೆಯಲ್ಲಿ 'ಐಟಿಸ್' ಇದ್ದರೆ ಉರಿಯೂತ, 'ಎಕ್ಟಮಿ' ಇದ್ದರೆ ಕೊಯ್ದು ತೆಗೆದದ್ದು. ಆಮೇಲೆ ನಡು, ಕಡೆಗೆ ತಲೆ. ಉಚ್ಚಾರ ತಿದ್ದಲು ಚರ್ಚಿನ ಹಾಡಿಗೆ ತಾಳ ಹಾಕುವಂತೆ ತುಂಡು ತುಂಡಿಗೂ ಚಪ್ಪಾಳೆ ತಟ್ಟಿಸುತ್ತಿದ್ದರು. ನಾನು ಸಿಟ್ಟಿಗೆದ್ದು ಪುಸ್ತಕ ಬಿಸಾಡಿದರೆ ಚಹಾ ಕೊಟ್ಟು ಮತ್ತೆ ಕೂರಿಸುತ್ತಿದ್ದರು.

ಮರುಪರೀಕ್ಷೆಯ ದಿನ ಅಪ್ಪ ಬೆಳಗಿನ ಬಸ್ಸಿಗೇ ಬಂದು ಅಕ್ಕೋರ ಕಟ್ಟೆಯ ಮೇಲೆ ಕುಳಿತ. ಪರೀಕ್ಷಕರು ನನ್ನ ಮುಂದಿಟ್ಟದ್ದು ನಾನು ಎಂದೂ ಕಾಣದ ಪದ, ಕೋಲಿಸಿಸ್ಟೈಟಿಸ್. ಬಾಲ ಹಿಡಿದೆ. ಐಟಿಸ್, ಉರಿಯೂತ. ಸಿಸ್ಟ್ ಅಂದರೆ ಚೀಲ. ಕೋಲಿ ಅಂದರೆ ಪಿತ್ತ. ಪಿತ್ತದ ಚೀಲದ ಉರಿಯೂತ ಎಂದೆ. ಅದು ಎಲ್ಲಿರುತ್ತದೆ ಎಂದು ಕೇಳಿದರು. ಅದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಕುರಿ ಕೊಯ್ಯುವಾಗ ಅದು ಒಡೆದು ಮಾಂಸ ಕಹಿಯಾಗದಿರಲಿ ಎಂದು ಅಪ್ಪ ಎಷ್ಟೋ ಸಲ ತೋರಿಸಿದ್ದ. ಯಕೃತ್ತಿನ ಕೆಳಗೆ ಎಂದೆ. ಪರೀಕ್ಷಕರು ತಲೆಯಾಡಿಸಿ ಅಲ್ಲೇ ಪಾಸೆಂದರು.

ಪಾಸಾದ ಸುದ್ದಿ ಹೇಳಿದಾಗ ಅಕ್ಕೋರು ನನ್ನ ಕೆನ್ನೆ ಹಿಡಿದು ಅತ್ತರು. ನನ್ನ ಚರ್ಮದಿಂದ ಚಪ್ಪಲಿ ಹೊಲಿಸಿ ತೊಡಿಸಿದರೂ ಅವರ ಋಣ ತೀರುವಂಥದ್ದಲ್ಲ. ಯಾವ ಪದ ಕೇಳಿದರು, ಹೇಗೆ ಬಿಡಿಸಿದೆ ಎಂದು ಅಪ್ಪನಿಗೂ ಹೇಳಿದೆ. ಅಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಕ್ಕೋರಿಗೆ ಕೈ ಮುಗಿದ.

"ಇಕಿ ನಿಮ್ಮ ಬಲ್ಲಿನೇ ಇರ್ಲಿರಿ ಅಕ್ಕೋರ. ಭಾಲ್ಕಿಯವ್ರಿಗಿ ನಾ ಬ್ಯಾಡಂತ ಹೇಳ್ತೇನಿ."